ಬ್ರಿಟನ್ನೂ ಯೂರೋಪೂ

ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ ಡೋವರ್ ಎಂಬ ರೇವುಪಟ್ಟಣವಿದೆ. ಅದರ ಪಕ್ಕದ ಬಿಳಿಯ ಕಡಿಬಂಡೆಗಳ ಮೇಲೆ ನಿಂತು ನೋಡಿದರೆ, ಆಕಾಶ ತಿಳಿಯಾಗಿರುವ ದಿನ, ಎದುರುಗಡೆಯ ಫ್ರಾನ್ಸಿನ ತೀರ ಬರಿಗಣ್ಣಿಗೇ ಕಾಣುತ್ತದೆ. ನಡುವೆ ಹರಡಿರುವ ಇಂಗ್ಲಿಷ್ ಕಡಲ್ಗಾಲುವೆಯ ಅಗಲ ಅಲ್ಲಿ ಸುಮಾರು ೩೩ ಕಿಲೋಮೀಟರು. ಹಡಗಿನಲ್ಲಿ ಒಂದೂವರೆ ಗಂಟೆಯ ಪ್ರಯಾಣ; ೧೯೯೪ರಲ್ಲಿ ತೆರೆದ ಕಡಲಡಿಯ ಸುರಂಗದ ರೈಲಿನಲ್ಲಾದರೆ ಮುಕ್ಕಾಲು ಗಂಟೆಯೂ ಬೇಡ. ಆದರೆ ಒಂದು ರಾಷ್ಟ್ರವಾಗಿ ತಾನು ಈ ನೀರನ್ನು ದಾಟಬೇಕೆ, ಈಚೆಯೇ ಉಳಿಯಬೇಕೆ ಎಂಬುದನ್ನು ತೀರ್ಮಾನಿಸಲು ಬ್ರಿಟನ್ನಿಗೆ ಮುಕ್ಕಾಲು ಶತಮಾನವೂ ಸಾಲದೆ ಹೋಗಿದೆ.

ನಡೆದುದರ ಹೊರರೂಪ ಬಹುಮಂದಿಗೆ ತಿಳಿದೇ ಇದೆ. ಐರೋಪ್ಯ ರಾಷ್ಟ್ರಗಳು ಒಂದುಗೂಡತೊಡಗಿದಾಗ ಬ್ರಿಟನ್ ಹೊರಗೆ ನಿಂತಿತು. ಅನಂತರ ಬಾಗಿಲು ತಟ್ಟಿತು. ಎರಡು ಸಲ ಇಲ್ಲವೆನ್ನಿಸಿಕೊಂಡಿತು. ೧೯೭೩ರಲ್ಲಿ ಒಳಗೆ ಹೋಯಿತು. ೪೭ ವರ್ಷ ಒಳಗಿದ್ದು ೨೦೨೦ರಲ್ಲಿ ಹೊರಗೆ ಬಂದಿತು. ಇದನ್ನು ಆಂಗ್ಲರ ಚಂಚಲ ಸ್ವಭಾವವೆಂದು ನಕ್ಕುಬಿಡುವುದು ಸುಲಭ. ಆದರೆ ಈ ಹೋಗುಬರುವಿನ ಹಿಂದೆ, ಎಲ್ಲ ರಾಷ್ಟ್ರಗಳೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಪ್ರಶ್ನೆಯೊಂದಿದೆ. ನೆರೆಯವರೊಡನೆ ಕೂಡಿ ಬಾಳುವಾಗ ನಮ್ಮ ನಿರ್ಧಾರದ ಅಧಿಕಾರವನ್ನು ಎಷ್ಟರ ಮಟ್ಟಿಗೆ ಹಂಚಿಕೊಳ್ಳಬೇಕು? ಹಂಚಿಕೊಳ್ಳದೆ ದೂರ ನಿಂತರೆ ಆ ಅಧಿಕಾರ ನಿಜವಾಗಿಯೂ ನಮ್ಮ ಕೈಯಲ್ಲಿಯೇ ಉಳಿಯುತ್ತದೆಯೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬ್ರಿಟನ್ನಿನ ಅನುಭವವನ್ನು ಸ್ವಲ್ಪ ವಿವರವಾಗಿ ನೋಡೋಣ.

ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪು ಹಾಳು ಬಿದ್ದಿತ್ತು. ೧೮೭೦ರಿಂದ ೧೯೪೫ರ ಒಳಗೆ ಫ್ರಾನ್ಸೂ ಜರ್ಮನಿಯೂ ಮೂರು ಸಲ ಯುದ್ಧ ಮಾಡಿದ್ದವು. ನಾಲ್ಕನೆಯದನ್ನು ತಪ್ಪಿಸುವುದು ಹೇಗೆ ಎಂಬುದೇ ಆಗಿನ ಹಿರಿಯರ ಚಿಂತೆ. ೧೯೫೦ರ ಮೇ ೯ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಷೂಮನ್ ಒಂದು ಸೂಚನೆಯನ್ನು ಮುಂದಿಟ್ಟರು. ಯುದ್ಧ ಸಾಮಗ್ರಿಗೆ ಬೇಕಾಗುವ ಮೂಲವಸ್ತುಗಳು ಕಲ್ಲಿದ್ದಲು ಮತ್ತು ಉಕ್ಕು. ಇವೆರಡರ ಉತ್ಪಾದನೆಯನ್ನು ಎರಡು ದೇಶಗಳೂ ಒಂದೇ ಮೇಲಧಿಕಾರಕ್ಕೆ ಒಪ್ಪಿಸಿಬಿಟ್ಟರೆ, ಒಬ್ಬರ ಮೇಲೊಬ್ಬರು ಗುಟ್ಟಾಗಿ ಯುದ್ಧಸನ್ನಾಹ ಮಾಡುವುದೇ ಅಸಾಧ್ಯವಾಗುತ್ತದೆ ಎಂಬುದು ಅದರ ತಿರುಳು. ಈ ಆಲೋಚನೆಯನ್ನು ರೂಪಿಸಿದವರು ಜೀನ್ ಮೊನೆ. ಷೂಮನ್ನರ ಬಾಳೇ ಆ ಗಡಿನಾಡಿನ ದುಃಖಕ್ಕೆ ಸಾಕ್ಷಿಯಾಗಿತ್ತು. ಹುಟ್ಟಿನಿಂದ ಜರ್ಮನ್ ಪ್ರಜೆಯಾಗಿದ್ದ ಅವರು ಮೊದಲನೆಯ ಮಹಾಯುದ್ಧದ ಬಳಿಕ ಲೊರೇನ್ ಪ್ರಾಂತ ಕೈಬದಲಾದಾಗ ಫ್ರೆಂಚ್ ಪ್ರಜೆಯಾದವರು. ೧೯೫೧ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಂಬ ಆರು ರಾಷ್ಟ್ರಗಳು ಪ್ಯಾರಿಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಇಂದಿನ ಐರೋಪ್ಯ ಒಕ್ಕೂಟದ ಬೀಜ ಇದೇ.

ಬ್ರಿಟನ್ನನ್ನೂ ಆಗ ಕರೆದಿದ್ದರು. ಆಟ್ಲಿಯವರ ಲೇಬರ್ ಸರ್ಕಾರ ಒಲ್ಲೆನೆಂದಿತು. ಅದಕ್ಕೆ ಕಾರಣಗಳಿದ್ದವು. ೧೯೪೭ರ ಜನವರಿಯಲ್ಲಷ್ಟೇ ಬ್ರಿಟನ್ ತನ್ನ ಕಲ್ಲಿದ್ದಲ ಗಣಿಗಳನ್ನು ರಾಷ್ಟ್ರೀಕರಣ ಮಾಡಿತ್ತು. ಅವುಗಳ ಆಡಳಿತವನ್ನು ಪರದೇಶದ ಅಧಿಕಾರಿಗಳಿಗೆ ಒಪ್ಪಿಸುವ ಮಾತನ್ನು ಗಣಿ ಕೆಲಸಗಾರರ ಮುಂದೆ ಆಡುವಂತಿರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಯುದ್ಧದ ನೆನಪು. ಆರು ರಾಷ್ಟ್ರಗಳ ನೆಲದ ಮೇಲೆಲ್ಲ ಶತ್ರುಸೈನ್ಯ ನಡೆದಾಡಿತ್ತು. ಅಲ್ಲಿಯ ಪಾರ್ಲಿಮೆಂಟುಗಳೂ ನ್ಯಾಯಾಲಯಗಳೂ ಕುಸಿದುಬಿದ್ದಿದ್ದವು. ಬ್ರಿಟನ್ನಿನಲ್ಲಿ ಬಾಂಬು ಬಿದ್ದಿತ್ತು, ಪಾರ್ಲಿಮೆಂಟು ಬೀಳಲಿಲ್ಲ. ಹೊಸ ವ್ಯವಸ್ಥೆಯೊಂದು ಬಂದು ತಮ್ಮನ್ನು ಕಾಪಾಡಬೇಕೆಂದು ಅಲ್ಲಿಯ ಜನಕ್ಕೆ ಅನ್ನಿಸಲಿಲ್ಲ. ತಮ್ಮ ಹಳೆಯ ವ್ಯವಸ್ಥೆಯೇ ಲೋಕವನ್ನು ಕಾಪಾಡಿತು ಎಂದು ಅನ್ನಿಸಿತು. ಚರ್ಚಿಲ್ಲರು ೧೯೪೬ರಲ್ಲಿ ಜೂರಿಕ್ ನಗರದಲ್ಲಿ ಮಾತನಾಡುತ್ತ ಯೂರೋಪಿನಲ್ಲಿ ಒಂದು ಬಗೆಯ ಸಂಯುಕ್ತ ಸಂಸ್ಥಾನ ಏಳಬೇಕೆಂದು ಸಾರಿದ್ದರು. ಆದರೆ ಆ ಭಾಷಣದಲ್ಲಿ ಬ್ರಿಟನ್ನಿಗೆ ಅವರು ಕೊಟ್ಟ ಸ್ಥಾನ ಹಿತೈಷಿಯದು, ಸದಸ್ಯನದಲ್ಲ. ಮದುವೆಗೆ ಹರಸಲು ಬರುತ್ತೇವೆ, ಆ ಮನೆ ಸೇರುವುದಿಲ್ಲ ಎಂಬಂತೆ.

೧೯೫೫ರಲ್ಲಿ ಆರು ರಾಷ್ಟ್ರಗಳು ಇಟಲಿಯ ಮೆಸ್ಸೀನಾದಲ್ಲಿ ಸೇರಿ, ಕಲ್ಲಿದ್ದಲು ಉಕ್ಕುಗಳಷ್ಟೇ ಅಲ್ಲದೆ ಎಲ್ಲ ಸರಕುಗಳಿಗೂ ಒಂದು ಸಾಮಾನ್ಯ ಮಾರುಕಟ್ಟೆಯನ್ನು ಕಟ್ಟಲು ಹೊರಟವು. ಅದರ ಮುಂದಿನ ಚರ್ಚೆಗೆ ಬ್ರಿಟನ್ ಕಳುಹಿಸಿದ್ದು ಮಂತ್ರಿಯನ್ನಲ್ಲ. ವಾಣಿಜ್ಯ ಇಲಾಖೆಯ ರಸೆಲ್ ಬ್ರೆದರ್ಟನ್ ಎಂಬ ಅಧಿಕಾರಿಯನ್ನು. ಆ ವರ್ಷದ ನವೆಂಬರಿನಲ್ಲಿ ಅವರನ್ನೂ ಹಿಂದಕ್ಕೆ ಕರೆಸಿಕೊಂಡಿತು. ಈ ಪ್ರಯತ್ನ ಫಲಿಸದೆಂಬುದು ಲಂಡನ್ನಿನ ಎಣಿಕೆ. ಎಣಿಕೆ ತಪ್ಪಿತು. ೧೯೫೭ರ ಮಾರ್ಚ್ ೨೫ರಂದು ರೋಮಿನಲ್ಲಿ ಒಪ್ಪಂದವಾಗಿ, ೧೯೫೮ರ ಆರಂಭದಿಂದ ಐರೋಪ್ಯ ಆರ್ಥಿಕ ಸಮುದಾಯ ಕೆಲಸ ಪ್ರಾರಂಭಿಸಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಇದು ತಿಳಿಯದಿದ್ದರೆ ಮುಂದಿನ ಕಥೆಯೆಲ್ಲ ಗೋಜಲಾಗಿ ತೋರುತ್ತದೆ. ಬ್ರಿಟನ್ನಿಗೆ ಬೇಕಾಗಿದ್ದುದು ಮುಕ್ತ ವ್ಯಾಪಾರ ವಲಯ; ಆರು ರಾಷ್ಟ್ರಗಳು ಕಟ್ಟಿದ್ದು ಸುಂಕದ ಒಕ್ಕೂಟ. ಎರಡರಲ್ಲಿಯೂ ಸದಸ್ಯ ರಾಷ್ಟ್ರಗಳ ನಡುವಣ ಸರಕಿಗೆ ಸುಂಕವಿಲ್ಲ. ಹಾಗಾದರೆ ವ್ಯತ್ಯಾಸವೆಲ್ಲಿ? ಹೊರಗಿನ ದೇಶಗಳ ಸರಕಿನ ವಿಷಯದಲ್ಲಿ. ಮುಕ್ತ ವ್ಯಾಪಾರ ವಲಯದಲ್ಲಿ ಒಬ್ಬೊಬ್ಬ ಸದಸ್ಯನೂ ಹೊರಗಿನವರ ಮೇಲೆ ತನಗೆ ತೋರಿದಷ್ಟು ಸುಂಕ ಹಾಕಬಹುದು. ಇದರಿಂದ ಸ್ವಾತಂತ್ರ್ಯವೇನೋ ಉಳಿಯುತ್ತದೆ. ಆದರೆ ಹೊರಗಿನ ವ್ಯಾಪಾರಿ ಸುಂಕ ಕಡಮೆಯಿರುವ ಸದಸ್ಯನ ರೇವಿನಲ್ಲಿ ಸರಕನ್ನು ಇಳಿಸಿ, ಅಲ್ಲಿಂದ ಉಳಿದವರ ನಾಡಿಗೆ ನುಗ್ಗಿಸಬಹುದು. ಅದನ್ನು ತಡೆಯಲು ಗಡಿಯಲ್ಲಿ ಕಟ್ಟೆ ಇರಲೇಬೇಕು. ಈ ಸರಕು ಎಲ್ಲಿ ತಯಾರಾದದ್ದು ಎಂದು ಕಾಗದ ಕೇಳಲೇಬೇಕು. ಸುಂಕದ ಒಕ್ಕೂಟದಲ್ಲಿ ಎಲ್ಲ ಸದಸ್ಯರೂ ಹೊರಗಿನವರ ಮೇಲೆ ಒಂದೇ ಸುಂಕ ಹಾಕುತ್ತಾರೆ. ಒಮ್ಮೆ ಒಳಗೆ ಬಂದ ಸರಕು ಎಲ್ಲಿಯಾದರೂ ಹೋಗಲಿ, ಸುಂಕಕ್ಕಾಗಿ ಕೇಳುವವರಿಲ್ಲ. ಆದರೆ ಯಾವ ಸದಸ್ಯನೂ ತಾನೇ ಪ್ರತ್ಯೇಕವಾಗಿ ಹೊರಗಿನವರೊಡನೆ ಸುಂಕದ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಗಡಿಯ ಕಟ್ಟೆ ಬೇಡವೆಂದರೆ ಅಧಿಕಾರವನ್ನು ಹಂಚಿಕೊಳ್ಳಬೇಕು. ಅಧಿಕಾರವೆಲ್ಲ ತನ್ನದೇ ಆಗಿರಬೇಕೆಂದರೆ ಗಡಿಯ ಕಟ್ಟೆಯನ್ನು ಒಪ್ಪಬೇಕು. ಎರಡನ್ನೂ ಪೂರ್ತಿಯಾಗಿ ಪಡೆಯುವ ಉಪಾಯವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ.

೧೯೬೦ರಲ್ಲಿ ಬ್ರಿಟನ್ ತನ್ನ ಮನಸ್ಸಿಗೆ ಒಪ್ಪುವ ಮೊದಲನೆಯ ಬಗೆಯ ಸಂಘವನ್ನು ಆಸ್ಟ್ರಿಯ, ಡೆನ್ಮಾರ್ಕ್, ನಾರ್ವೆ, ಪೋರ್ಚುಗಲ್, ಸ್ವೀಡನ್, ಸ್ವಿಟ್ಜರ್ಲೆಂಡುಗಳೊಡನೆ ಕಟ್ಟಿತು. ಆದರೆ ಕಾಲ ಬದಲಾಗುತ್ತಿತ್ತು. ೧೯೫೬ರ ಸೂಯೆಜ್ ಪ್ರಕರಣದಲ್ಲಿ, ಅಮೆರಿಕದ ಒಪ್ಪಿಗೆಯಿಲ್ಲದೆ ತಾನು ಹೆಜ್ಜೆಯಿಡಲಾರೆ ಎಂಬುದು ಬ್ರಿಟನ್ನಿಗೆ ಮನವರಿಕೆಯಾಗಿತ್ತು. ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದವು. ಅತ್ತ ಆರು ರಾಷ್ಟ್ರಗಳ ಉದ್ಯಮ ಬ್ರಿಟನ್ನಿಗಿಂತ ವೇಗವಾಗಿ ಬೆಳೆಯುತ್ತಿತ್ತು. ೧೯೬೧ರಲ್ಲಿ ಪ್ರಧಾನಿ ಮ್ಯಾಕ್ಮಿಲನ್ ಸದಸ್ಯತ್ವಕ್ಕೆ ಅರ್ಜಿ ಹಾಕಿದರು.

ಈ ಅರ್ಜಿ ನಮ್ಮ ದೇಶಕ್ಕೂ ಸಂಬಂಧಪಟ್ಟದ್ದಾಗಿತ್ತು. ಭಾರತದ ಚಹಾ, ಹತ್ತಿಬಟ್ಟೆ, ಸೆಣಬಿನ ಸರಕುಗಳಿಗೆ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಕಾಮನ್‌ವೆಲ್ತ್ ರಾಷ್ಟ್ರವೆಂಬ ಕಾರಣದಿಂದ ಸುಂಕದ ರಿಯಾಯಿತಿ ಇತ್ತು. ಬ್ರಿಟನ್ ಸುಂಕದ ಒಕ್ಕೂಟವನ್ನು ಸೇರಿದರೆ ಆ ರಿಯಾಯಿತಿ ಹೋಗಿ, ಅದೇ ಸರಕಿನ ಮೇಲೆ ಐರೋಪ್ಯ ಸುಂಕ ಬೀಳುತ್ತಿತ್ತು. ನ್ಯೂಜಿಲೆಂಡಿನ ಬೆಣ್ಣೆಗೂ ಆಸ್ಟ್ರೇಲಿಯದ ಗೋಧಿಗೂ ಇದೇ ಭಯ. ೧೯೬೨ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಕಾಮನ್‌ವೆಲ್ತ್ ಪ್ರಧಾನಿಗಳು ಸೇರಿದಾಗ ಜವಾಹರಲಾಲ್ ನೆಹರೂ ಅವರೂ ಇದ್ದರು. ಸಭೆಯ ಮುಖ್ಯ ವಿಷಯವೇ ಇದಾಗಿತ್ತು. ಅದೇ ವರ್ಷ ಭಾರತ ಐರೋಪ್ಯ ಸಮುದಾಯದೊಡನೆ ನೇರವಾಗಿ ರಾಜತಾಂತ್ರಿಕ ಸಂಬಂಧವನ್ನು ಬೆಳೆಸಿತು.

ಅರ್ಜಿಗೆ ತಡೆ ಬಂದದ್ದು ಪ್ಯಾರಿಸಿನಿಂದ. ೧೯೬೩ರ ಜನವರಿ ೧೪ರಂದು ಫ್ರಾನ್ಸಿನ ಅಧ್ಯಕ್ಷ ಜನರಲ್ ದ ಗಾಲ್ ಪತ್ರಕರ್ತರನ್ನು ಸೇರಿಸಿ, ಬ್ರಿಟನ್ ಸದಸ್ಯನಾಗಲು ಸಿದ್ಧವಾಗಿಲ್ಲವೆಂದು ತಿಳಿಸಿಬಿಟ್ಟರು. ಬ್ರಿಟನ್ ದ್ವೀಪರಾಷ್ಟ್ರ, ಕಡಲಾಚೆಯ ವ್ಯಾಪಾರದಿಂದ ಬಾಳುವ ದೇಶ, ತನಗೆ ಬೇಕಾದ ಆಹಾರವನ್ನು ದೂರದೇಶಗಳಿಂದ ತರಿಸುವ ದೇಶ, ಅದರ ಬೇಸಾಯ ಸಣ್ಣದು, ಅದರ ಅಭ್ಯಾಸಗಳೇ ಬೇರೆ ಎಂಬುದು ಅವರ ವಾದ. ಇದರಲ್ಲಿ ಫ್ರಾನ್ಸಿನ ಸ್ವಾರ್ಥವೂ ಇತ್ತು, ಬ್ರಿಟನ್ನಿನ ಬೆನ್ನಹಿಂದೆ ಅಮೆರಿಕ ಒಳಬರುವುದೆಂಬ ಶಂಕೆಯೂ ಇತ್ತು. ೧೯೬೭ರಲ್ಲಿ ಹೆರಾಲ್ಡ್ ವಿಲ್ಸನ್ ಮತ್ತೆ ಅರ್ಜಿ ಹಾಕಿದಾಗಲೂ ದ ಗಾಲ್ ಒಪ್ಪಲಿಲ್ಲ. ಆದರೂ ಬ್ರಿಟನ್ನಿನ ಸ್ವಭಾವದ ವಿಷಯವಾಗಿ ಅವರಾಡಿದ ಮಾತು ಪೂರ್ತಿ ಸುಳ್ಳಾಗಿತ್ತೆ ಎಂದು ಐವತ್ತು ವರ್ಷಗಳ ಬಳಿಕ ಅನೇಕರು ಯೋಚಿಸಬೇಕಾಯಿತು.

೧೯೬೯ರಲ್ಲಿ ದ ಗಾಲ್ ಅಧಿಕಾರ ಬಿಟ್ಟ ಮೇಲೆ ಬಾಗಿಲು ತೆರೆಯಿತು. ಎಡ್ವರ್ಡ್ ಹೀತ್ ಪ್ರಧಾನಿಯಾಗಿದ್ದಾಗ, ೧೯೭೩ರ ಜನವರಿ ೧ರಂದು, ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಮೂರೂ ಒಟ್ಟಿಗೆ ಸಮುದಾಯವನ್ನು ಸೇರಿದವು. ಆದರೆ ಬೇರೆಯವರು ಕಟ್ಟಿದ ಮನೆಗೆ ತಡವಾಗಿ ಹೋಗಿ ಸೇರಿದವರಿಗೆ ಕೋಣೆಗಳನ್ನು ಗೊತ್ತುಮಾಡುವ ಹಕ್ಕು ಇರುವುದಿಲ್ಲ. ಸಮುದಾಯದ ಹಣದ ಬಹುಭಾಗ ಬೇಸಾಯದ ಸಹಾಯಕ್ಕೆ ಹೋಗುತ್ತಿತ್ತು. ಫ್ರಾನ್ಸಿನಂಥ ರೈತರ ನಾಡಿಗೆ ಅದರಿಂದ ಲಾಭ, ಆಹಾರವನ್ನು ಹೊರಗಿನಿಂದ ತರಿಸುವ ಬ್ರಿಟನ್ನಿಗೆ ಖರ್ಚು. ಮೀನುಗಾರಿಕೆಯದೂ ಹೀಗೆಯೇ. ಬ್ರಿಟನ್ ಬಾಗಿಲಲ್ಲಿ ನಿಂತಿದ್ದ ೧೯೭೦ರಲ್ಲಿಯೇ ಆರು ರಾಷ್ಟ್ರಗಳು, ಸದಸ್ಯರ ಕಡಲಲ್ಲಿ ಸದಸ್ಯರೆಲ್ಲರೂ ಮೀನು ಹಿಡಿಯಬಹುದೆಂಬ ನಿಯಮವನ್ನು ಮಾಡಿಬಿಟ್ಟಿದ್ದವು. ಮೊದಲೇ ಸೇರಿದ್ದರೆ ಈ ನಿಯಮಗಳ ರೂಪ ಬೇರೆಯಾಗುತ್ತಿತ್ತೋ ಏನೋ. ತಡಮಾಡಿದ್ದರ ಬಡ್ಡಿಯನ್ನು ಬ್ರಿಟನ್ ಬಹುಕಾಲ ಕಟ್ಟಿತು.

ಸೇರಿದ ಎರಡೇ ವರ್ಷಕ್ಕೆ, ೧೯೭೫ರ ಜೂನ್ ೫ರಂದು, ಒಳಗೆ ಉಳಿಯಬೇಕೆ ಎಂದು ಜನಮತಗಣನೆ ನಡೆಯಿತು. ನೂರಕ್ಕೆ ೬೭ ಮಂದಿ ಉಳಿಯೋಣವೆಂದರು. ಆಗ ಲೇಬರ್ ಪಕ್ಷವೇ ಈ ವಿಷಯದಲ್ಲಿ ಒಡೆದಿತ್ತು. ಕನ್ಸರ್ವೇಟಿವ್ ಪಕ್ಷದ ಹೊಸ ನಾಯಕಿ ಮಾರ್ಗರೆಟ್ ಥ್ಯಾಚರ್ ಉಳಿಯುವುದರ ಪರವಾಗಿ ಪ್ರಚಾರ ಮಾಡಿದ್ದರು. ಮುಂದೆ ಈ ಎರಡು ಪಕ್ಷಗಳೂ ತಮ್ಮ ಜಾಗಗಳನ್ನು ಅದಲುಬದಲು ಮಾಡಿಕೊಂಡದ್ದು ಬ್ರಿಟಿಷ್ ರಾಜಕೀಯದ ವಿಚಿತ್ರಗಳಲ್ಲೊಂದು.

ಥ್ಯಾಚರರ ಕಥೆಯಲ್ಲಿ ಈ ಇಬ್ಬಂದಿ ಎದ್ದು ಕಾಣುತ್ತದೆ. ಪ್ರಧಾನಿಯಾದ ಮೇಲೆ ಅವರು ವರ್ಷಗಟ್ಟಲೆ ವಾದಿಸಿ, ೧೯೮೪ರಲ್ಲಿ ಫ್ರಾನ್ಸಿನ ಫೌಂಟೆನ್‌ಬ್ಲೋ ಎಂಬಲ್ಲಿ, ಬ್ರಿಟನ್ ಕಟ್ಟುವ ಹೆಚ್ಚುವರಿ ಹಣದಲ್ಲಿ ಸುಮಾರು ಮೂರರಲ್ಲೆರಡು ಪಾಲು ಹಿಂದಕ್ಕೆ ಬರುವಂತೆ ಮಾಡಿದರು. ಅದೇ ಥ್ಯಾಚರ್, ಐರೋಪ್ಯ ಏಕ ಮಾರುಕಟ್ಟೆಯ ಮುಖ್ಯ ಪ್ರೇರಕರೂ ಆದರು. ಅವರು ಬ್ರಸೆಲ್ಸಿಗೆ ಕಳುಹಿಸಿದ್ದ ಲಾರ್ಡ್ ಕಾಕ್‌ಫೀಲ್ಡರೇ ೧೯೮೫ರಲ್ಲಿ ಅದರ ಯೋಜನೆಯನ್ನು ಬರೆದವರು. ೧೯೯೩ರ ಜನವರಿಯಿಂದ ಅದು ಆಚರಣೆಗೆ ಬಂದಿತು.

ಏಕ ಮಾರುಕಟ್ಟೆಯೆಂದರೇನು? ಸುಂಕ ಹೋದ ಮಾತ್ರಕ್ಕೆ ಗಡಿ ಹೋಗುವುದಿಲ್ಲ. ಒಂದು ದೇಶದಲ್ಲಿ ಮಾರಲು ಒಪ್ಪಿಗೆಯಿರುವ ಔಷಧಿ ಇನ್ನೊಂದರಲ್ಲಿ ನಿಷಿದ್ಧವಾಗಿರಬಹುದು. ಮಾಂಸವನ್ನು ಪಶುವೈದ್ಯ ಪರೀಕ್ಷಿಸಬೇಕೆ, ವಾಹನದ ದೀಪ ಎಷ್ಟು ಎತ್ತರದಲ್ಲಿರಬೇಕು, ಒಂದು ದೇಶದ ವೈದ್ಯನ ಪದವಿ ಇನ್ನೊಂದರಲ್ಲಿ ಸಲ್ಲುತ್ತದೆಯೆ, ಇವೆಲ್ಲವೂ ಕಣ್ಣಿಗೆ ಕಾಣದ ಕಟ್ಟೆಗಳೇ. ಅವನ್ನು ತೆಗೆಯಬೇಕಾದರೆ ಎಲ್ಲರಿಗೂ ಒಪ್ಪುವ ನಿಯಮಗಳು ಬೇಕು. ನಿಯಮಗಳನ್ನು ಮಾಡಲು ಸಭೆ ಬೇಕು, ಪ್ರತಿಯೊಬ್ಬನೂ ಬೇಡವೆಂದು ತಡೆಯದಂತೆ ಬಹುಮತದ ತೀರ್ಮಾನ ಬೇಕು. ಜಗಳ ಬಂದರೆ ತೀರ್ಪು ಹೇಳಲು ನ್ಯಾಯಾಲಯ ಬೇಕು. ಹೀಗೆ, ಬರಿಯ ವ್ಯಾಪಾರವೆಂದು ಹೊರಟದ್ದು ತಾನಾಗಿಯೇ ರಾಜ್ಯಾಡಳಿತದ ಅಂಗಳಕ್ಕೆ ಕಾಲಿಡುತ್ತದೆ. ೧೯೯೦ರಲ್ಲಿ ಇದರ ಅರ್ಥ ಬ್ರಿಟನ್ನಿಗೆ ತೀಕ್ಷ್ಣವಾಗಿ ತಿಳಿಯಿತು. ಬ್ರಿಟಿಷ್ ಬಾವುಟ ಹಾರಿಸಿ ಮೀನು ಹಿಡಿಯುತ್ತಿದ್ದ ಸ್ಪೇನಿನವರ ದೋಣಿಗಳನ್ನು ತಡೆಯಲು ಪಾರ್ಲಿಮೆಂಟು ೧೯೮೮ರಲ್ಲಿ ಮಾಡಿದ್ದ ಶಾಸನವನ್ನು, ಸಮುದಾಯದ ಕಾನೂನಿಗೆ ವಿರೋಧವೆಂದು, ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವೇ ತಡೆಹಿಡಿಯಬೇಕಾಯಿತು. ಪಾರ್ಲಿಮೆಂಟಿನ ಮಾತಿನ ಮೇಲೆ ಮಾತಿಲ್ಲವೆಂದು ಕಲಿತು ಬೆಳೆದ ದೇಶಕ್ಕೆ ಇದು ಸಣ್ಣ ಪೆಟ್ಟಲ್ಲ.

ಅಷ್ಟರಲ್ಲಿ ಥ್ಯಾಚರರ ಧ್ವನಿ ಬದಲಾಗಿತ್ತು. ೧೯೮೮ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂ ದೇಶದ ಬ್ರೂಜ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಅವರು ಬ್ರಸೆಲ್ಸಿನಿಂದ ಆಳುವ ಐರೋಪ್ಯ ಮಹಾರಾಜ್ಯದ ಕಲ್ಪನೆಯನ್ನು ಖಂಡಿಸಿದರು. ೧೯೯೨ರ ಮಾಸ್ಟ್ರಿಕ್ಟ್ ಒಪ್ಪಂದ ಸಮುದಾಯವನ್ನು ಒಕ್ಕೂಟವಾಗಿ ಮಾಡಿ, ಒಂದೇ ನಾಣ್ಯಕ್ಕೆ ದಾರಿ ಹಾಕಿತು. ಪ್ರಧಾನಿ ಜಾನ್ ಮೇಜರ್ ಆ ನಾಣ್ಯದಿಂದ ಬ್ರಿಟನ್ನಿಗೆ ವಿನಾಯಿತಿ ಪಡೆದರು. ಅದೇ ವರ್ಷ ಸೆಪ್ಟೆಂಬರ್ ೧೬ರಂದು, ಜರ್ಮನಿಯ ಮಾರ್ಕಿನೊಡನೆ ಪೌಂಡಿನ ಬೆಲೆಯನ್ನು ಹೊಂದಿಸಿ ನಿಲ್ಲಿಸುವ ಏರ್ಪಾಡು ಕುಸಿದುಬಿದ್ದಿತು. ಪೌಂಡನ್ನು ಉಳಿಸಲು ಒಂದೇ ದಿನದಲ್ಲಿ ಬಡ್ಡಿಯ ದರವನ್ನು ಶೇಕಡಾ ೧೦ರಿಂದ ೧೨ಕ್ಕೆ ಏರಿಸಿ, ಮರುದಿನದಿಂದ ೧೫ ಎಂದು ಸಾರಿ, ಸಂಜೆಗೆ ಸೋತು ಕೈಬಿಟ್ಟರು. ಸಾಲ ಮಾಡಿ ಮನೆ ಕೊಂಡಿದ್ದ ಸಂಸಾರಗಳು ಆ ಬುಧವಾರವನ್ನು ಮರೆಯಲಿಲ್ಲ. ಯೂರೋಪೆಂದರೆ ಅಪಾಯವೆಂಬ ಭಾವನೆ ಅನೇಕರ ಮನಸ್ಸಿನಲ್ಲಿ ಅಂದೇ ಬೇರೂರಿತು.

ಇದರ ಮೇಲೆ ವಲಸೆಯ ಪ್ರಶ್ನೆ ಬಂದಿತು. ಏಕ ಮಾರುಕಟ್ಟೆಯಲ್ಲಿ ಸರಕು, ಹಣ, ಸೇವೆಗಳಂತೆ ಜನರೂ ಎಲ್ಲಿ ಬೇಕಾದರೂ ಹೋಗಿ ದುಡಿಯಬಹುದು. ೨೦೦೪ರ ಮೇ ೧ರಂದು ಹತ್ತು ಹೊಸ ರಾಷ್ಟ್ರಗಳು ಒಕ್ಕೂಟವನ್ನು ಸೇರಿದವು. ಅವುಗಳಲ್ಲಿ ಎಂಟು ಹಿಂದಿನ ಕಮ್ಯುನಿಸ್ಟ್ ಆಡಳಿತದ ನಾಡುಗಳು. ಹಳೆಯ ಸದಸ್ಯರಲ್ಲಿ ಬಹುಪಾಲು ತಮ್ಮ ಬಾಗಿಲನ್ನು ಕೆಲವು ವರ್ಷ ಅರೆಮುಚ್ಚಿದವು. ಬ್ರಿಟನ್, ಐರ್ಲೆಂಡ್, ಸ್ವೀಡನ್‌ಗಳು ಮಾತ್ರ ಕೂಡಲೇ ತೆರೆದವು. ವರ್ಷಕ್ಕೆ ಹದಿಮೂರು ಸಾವಿರಕ್ಕಿಂತ ಹೆಚ್ಚಾಗದೆಂದು ಅಂದಾಜು ಮಾಡಿದ್ದರು. ಬಂದವರ ಸಂಖ್ಯೆ ಅದಕ್ಕಿಂತ ಬಹುಪಟ್ಟು ದೊಡ್ಡದಾಯಿತು. ಪೋಲೆಂಡಿನ ಬಡಗಿ, ಲಿಥುವೇನಿಯದ ತೋಟದಾಳು ಒಳ್ಳೆಯ ಕೆಲಸಗಾರರೇ. ಆದರೆ ಗಿರಣಿ ಮುಚ್ಚಿದ, ಗಣಿ ಮುಚ್ಚಿದ ಊರುಗಳ ಜನ, ತಮ್ಮನ್ನು ಯಾರೂ ಕೇಳದೆ ತಮ್ಮ ಊರು ಬದಲಾಗುತ್ತಿದೆಯೆಂದು ಭಾವಿಸಿದರು. ೨೦೦೮ರ ಬ್ಯಾಂಕುಗಳ ಕುಸಿತದ ಅನಂತರ ಸರ್ಕಾರ ಖರ್ಚನ್ನು ಕಡಿತಗೊಳಿಸಿದಾಗ ಆ ಅಸಮಾಧಾನ ಇನ್ನೂ ಹೆಚ್ಚಿತು.

೨೦೧೩ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರನ್, ತಮ್ಮ ಪಕ್ಷದ ಒಳಜಗಳವನ್ನು ಶಮನಗೊಳಿಸುವ ಆಸೆಯಿಂದಲೂ, ಜನಮತಗಣನೆಯ ಭರವಸೆ ಕೊಟ್ಟರು. ೨೦೧೬ರ ಜೂನ್ ೨೩ರಂದು ಅದು ನಡೆಯಿತು. ಹೊರಹೋಗೋಣವೆಂದವರು ಶೇಕಡಾ ೫೧.೯, ಉಳಿಯೋಣವೆಂದವರು ೪೮.೧. ಇಂಗ್ಲೆಂಡೂ ವೇಲ್ಸೂ ಹೊರಕ್ಕೆಂದವು. ಸ್ಕಾಟ್ಲೆಂಡೂ ಉತ್ತರ ಐರ್ಲೆಂಡೂ ಉಳಿವಿಗೆಂದವು. ಗೆದ್ದವರೆಲ್ಲ ಅವಿವೇಕಿಗಳೆಂದೋ ಸೋತವರೆಲ್ಲ ದೇಶಾಭಿಮಾನವಿಲ್ಲದವರೆಂದೋ ಹೇಳುವುದು ಅನ್ಯಾಯ. ನಮ್ಮನ್ನು ಆಳುವ ಕಾನೂನನ್ನು ಮಾಡುವವರನ್ನು ನಾವು ಮತ ಹಾಕಿ ಇಳಿಸುವಂತಿರಬೇಕು ಎಂಬ ಒಂದು ಕಡೆಯ ಮಾತು ಪ್ರಜಾಪ್ರಭುತ್ವದ ಮೂಲಮಾತೇ. ನೆರೆಯವರೊಡನೆ ಒಂದೇ ಮೇಜಿನ ಮುಂದೆ ಕುಳಿತರೆ ಮಾತ್ರ ನಮ್ಮ ಮಾತಿಗೆ ಬೆಲೆ ಎಂಬ ಇನ್ನೊಂದು ಕಡೆಯ ಮಾತೂ ಅನುಭವದ ಮಾತೇ.

ತೊಡಕು ಇದ್ದದ್ದು ಪ್ರಶ್ನೆಯ ರೂಪದಲ್ಲಿ. ಉಳಿಯುವುದೋ ಹೋಗುವುದೋ ಎಂದು ಕೇಳಿದ್ದರು. ಹೋಗಿ ಎಲ್ಲಿ ನಿಲ್ಲುವುದು ಎಂದು ಕೇಳಿರಲಿಲ್ಲ. ನಾರ್ವೆಯಂತೆ ಏಕ ಮಾರುಕಟ್ಟೆಯಲ್ಲಿ ಇರುವುದೂ ಹೊರಗಿರುವುದೇ. ಎಲ್ಲ ನಂಟನ್ನೂ ಕಡಿದುಕೊಳ್ಳುವುದೂ ಹೊರಗಿರುವುದೇ. ಮುಂದಿನ ಮೂರೂವರೆ ವರ್ಷ ಪಾರ್ಲಿಮೆಂಟು ಈ ಒಂದೇ ಚರ್ಚೆಯಲ್ಲಿ ಮುಳುಗಿತು. ೨೦೧೯ರ ಜನವರಿ ೧೫ರಂದು ಪ್ರಧಾನಿ ತೆರೇಸಾ ಮೇ ತಂದ ಒಪ್ಪಂದವನ್ನು ಕಾಮನ್ಸ್ ಸಭೆ ೪೩೨ಕ್ಕೆ ೨೦೨ ಮತಗಳಿಂದ ತಳ್ಳಿಹಾಕಿತು. ಯಾವುದೂ ಬೇಡವೆನ್ನಲು ಬಹುಮತವಿತ್ತು; ಯಾವುದು ಬೇಕೆನ್ನಲು ಇರಲಿಲ್ಲ.

ಇಲ್ಲಿ ಎಲ್ಲಕ್ಕಿಂತ ಕಠಿಣವಾದ ಗಂಟು ಐರ್ಲೆಂಡಿನ ಗಡಿ. ಐರ್ಲೆಂಡ್ ದ್ವೀಪದ ದಕ್ಷಿಣದ ಬಹುಭಾಗ ಸ್ವತಂತ್ರ ಗಣರಾಜ್ಯ, ಐರೋಪ್ಯ ಒಕ್ಕೂಟದ ಸದಸ್ಯ; ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನ ರಾಜ್ಯಕ್ಕೆ ಸೇರಿದವು. ನಡುವಣ ಗಡಿ ಸುಮಾರು ೫೦೦ ಕಿಲೋಮೀಟರು ಉದ್ದ. ಇನ್ನೂರಕ್ಕೂ ಹೆಚ್ಚು ಕಡೆಗಳಲ್ಲಿ ರಸ್ತೆಗಳು ಅದನ್ನು ದಾಟುತ್ತವೆ. ಹೊಲದ ನಡುವೆ ಗಡಿ ಹಾಯುವ ರೈತರುಂಟು. ೧೯೬೦ರ ದಶಕದ ಕೊನೆಯಿಂದ ಮೂವತ್ತು ವರ್ಷ ಉತ್ತರ ಐರ್ಲೆಂಡಿನಲ್ಲಿ ನಡೆದ ಹಿಂಸಾಚಾರದಲ್ಲಿ ಸುಮಾರು ೩,೫೦೦ ಮಂದಿ ಸತ್ತರು. ಗಡಿಯಲ್ಲಿ ಸೈನಿಕರ ಕಾವಲುಗೋಪುರಗಳಿದ್ದವು; ಅನೇಕ ಹಳ್ಳಿರಸ್ತೆಗಳನ್ನು ಕಡಿದು ಮುಚ್ಚಿದ್ದರು. ೧೯೯೩ರ ಏಕ ಮಾರುಕಟ್ಟೆ ಸುಂಕದ ಕಟ್ಟೆಗಳನ್ನು ಅಳಿಸಿತು. ೧೯೯೮ರ ಏಪ್ರಿಲ್ ೧೦ರ ಶಾಂತಿ ಒಪ್ಪಂದದ ಬಳಿಕ ಸೈನ್ಯದ ಠಾಣೆಗಳೂ ಹೋದವು. ಗಡಿ ಇತ್ತು, ಕಾಣುತ್ತಿರಲಿಲ್ಲ. ಕಾಣದಿದ್ದುದರಿಂದಲೇ ಐರಿಷರೆಂದು ಭಾವಿಸುವವರೂ ಬ್ರಿಟಿಷರೆಂದು ಭಾವಿಸುವವರೂ ಒಂದೇ ಬೀದಿಯಲ್ಲಿ ಬಾಳುವುದು ಸುಲಭವಾಯಿತು.

ಈಗ ಬ್ರಿಟನ್ ಸುಂಕದ ಒಕ್ಕೂಟವನ್ನೂ ಏಕ ಮಾರುಕಟ್ಟೆಯನ್ನೂ ಬಿಟ್ಟರೆ, ನಾವು ಹಿಂದೆ ಕಂಡ ಸೂತ್ರದ ಪ್ರಕಾರ, ಎಲ್ಲಿಯಾದರೂ ಕಟ್ಟೆ ಏಳಲೇಬೇಕು. ಐರ್ಲೆಂಡಿನ ಹೊಲಗಳಲ್ಲಿ ಎಬ್ಬಿಸಿದರೆ ಶಾಂತಿಗೆ ಅಪಾಯ. ಪ್ರಧಾನಿ ಬೋರಿಸ್ ಜಾನ್ಸನ್ ೨೦೧೯ರಲ್ಲಿ ಒಪ್ಪಿದ ಏರ್ಪಾಡಿನಂತೆ ಅದು ಬ್ರಿಟನ್ ದ್ವೀಪಕ್ಕೂ ಐರ್ಲೆಂಡ್ ದ್ವೀಪಕ್ಕೂ ನಡುವಣ ಕಡಲಿಗೆ ಸರಿಯಿತು. ಉತ್ತರ ಐರ್ಲೆಂಡ್ ಸರಕಿನ ವಿಷಯದಲ್ಲಿ ಐರೋಪ್ಯ ನಿಯಮಗಳನ್ನೇ ಪಾಲಿಸಬೇಕಾಯಿತು. ತಮ್ಮದೇ ದೇಶದ ಇನ್ನೊಂದು ಭಾಗದಿಂದ ಬರುವ ಸರಕಿಗೆ ತಪಾಸಣೆ ಬಂದಿತು. ಬ್ರಿಟನ್ನಿನ ನಂಟಿಗೆ ನಿಷ್ಠರಾದ ಅಲ್ಲಿಯ ಪಕ್ಷ ಇದನ್ನು ಪ್ರತಿಭಟಿಸಿ ಹೊರನಡೆದುದರಿಂದ ಪ್ರಾಂತದ ಸರ್ಕಾರ ೨೦೨೨ರಿಂದ ಎರಡು ವರ್ಷ ನಿಂತುಹೋಯಿತು. ೨೦೨೩ರ ಫೆಬ್ರವರಿಯಲ್ಲಿ ವಿಂಡ್ಸರ್ ಎಂಬಲ್ಲಿ ಆದ ಹೊಸ ಹೊಂದಾಣಿಕೆ, ಉತ್ತರ ಐರ್ಲೆಂಡಿನಲ್ಲಿಯೇ ಉಳಿಯುವ ಸರಕಿಗೆ ಸುಲಭದ ದಾರಿಯನ್ನೂ ಮುಂದಕ್ಕೆ ಹೋಗುವ ಸರಕಿಗೆ ಪೂರ್ಣ ತಪಾಸಣೆಯ ದಾರಿಯನ್ನೂ ಬೇರೆ ಮಾಡಿತು. ಗಂಟು ಸಡಿಲವಾಯಿತು, ಬಿಚ್ಚಿಕೊಳ್ಳಲಿಲ್ಲ.

ಬ್ರಿಟನ್ ಒಕ್ಕೂಟವನ್ನು ಬಿಟ್ಟದ್ದು ೨೦೨೦ರ ಜನವರಿ ೩೧ರಂದು. ಏಕ ಮಾರುಕಟ್ಟೆಯಿಂದ ಹೊರಬಂದದ್ದು ಆ ವರ್ಷದ ಕೊನೆಗೆ. ಆ ಡಿಸೆಂಬರಿನ ವ್ಯಾಪಾರ ಒಪ್ಪಂದದಂತೆ ಎರಡು ಕಡೆಯ ಸ್ವಂತ ಸರಕಿಗೂ ಸುಂಕವಿಲ್ಲ. ಆದರೆ ಮೂಲದ ಪತ್ರ, ಪಶುವೈದ್ಯರ ಪತ್ರ, ತಪಾಸಣೆ ಇವೆಲ್ಲ ಮರಳಿ ಬಂದವು. ದೊಡ್ಡ ಕಂಪನಿಗಳು ಹೇಗೋ ನಿಭಾಯಿಸಿದವು. ಪೆಟ್ಟಿಗೆಯೆರಡು ಪೆಟ್ಟಿಗೆ ಕಳುಹಿಸುತ್ತಿದ್ದ ಸಣ್ಣ ವ್ಯಾಪಾರಿಗಳಲ್ಲಿ ಹಲವರು ಯೂರೋಪಿನ ಗಿರಾಕಿಗಳನ್ನೇ ಬಿಟ್ಟರು. ಕಾಲಕ್ರಮದಲ್ಲಿ ದೇಶದ ಉತ್ಪಾದನಾ ಸಾಮರ್ಥ್ಯ, ಒಳಗಿದ್ದಿದ್ದರೆ ಇರುತ್ತಿದ್ದುದಕ್ಕಿಂತ ಶೇಕಡಾ ೪ರಷ್ಟು ಕಡಮೆಯಾಗುವುದೆಂದು ಬ್ರಿಟಿಷ್ ಸರ್ಕಾರದ ಲೆಕ್ಕಾಚಾರಗಳಿಗಾಗಿ ಮುನ್ನಂದಾಜು ಮಾಡುವ ಸ್ವತಂತ್ರ ಕಚೇರಿ ಎಣಿಸಿದೆ. ಯೂರೋಪಿನಿಂದ ಬರುವವರು ಕಡಮೆಯಾದರು; ಆದರೆ ಭಾರತವೂ ಸೇರಿದಂತೆ ಬೇರೆ ದೇಶಗಳಿಂದ ವಿದ್ಯಾರ್ಥಿಗಳೂ ಆರೈಕೆಯ ಕೆಲಸಗಾರರೂ ಬಂದು, ೨೦೨೩ರ ಹೊತ್ತಿಗೆ ಒಟ್ಟು ವಲಸೆ ಹಿಂದೆಂದಿಗಿಂತ ಹೆಚ್ಚಾಗಿ, ಅನಂತರ ಇಳಿಯಿತು. ಇತ್ತ ಲಾಭವೂ ಇಲ್ಲದಿಲ್ಲ. ಹೊರಗಿನವರೊಡನೆ ತಾನೇ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯ ಮರಳಿತು. ಭಾರತದೊಡನೆ ೨೦೨೫ರ ಜುಲೈ ೨೪ರಂದು ಬ್ರಿಟನ್ ಮಾಡಿಕೊಂಡ ವ್ಯಾಪಾರ ಒಪ್ಪಂದ, ಅದು ಒಕ್ಕೂಟದೊಳಗಿದ್ದಿದ್ದರೆ ತಾನೊಂದೇ ಮಾಡಿಕೊಳ್ಳಲಾಗುತ್ತಿರಲಿಲ್ಲ. ೧೯೬೨ರಲ್ಲಿ ನೆಹರೂ ಅವರ ಮುಂದಿದ್ದ ಪ್ರಶ್ನೆ ಅರವತ್ತು ವರ್ಷಗಳ ಬಳಿಕ ತಿರುಗಿ ಬಂದಂತಾಯಿತು.

ಹೊರಬಂದ ಬ್ರಿಟನ್ ಮತ್ತೆ ನೆರೆಯವರ ಬಾಗಿಲಿಗೆ ಹೋಗದೆ ಇರಲಾಗಲಿಲ್ಲ. ೨೦೨೪ರ ಜನವರಿಯಿಂದ ಐರೋಪ್ಯ ವಿಜ್ಞಾನ ಸಂಶೋಧನೆಯ ಯೋಜನೆಯನ್ನು ಮರಳಿ ಸೇರಿತು. ಯೂಕ್ರೇನಿನ ಮೇಲೆ ೨೦೨೨ರಲ್ಲಿ ರಷ್ಯ ದಾಳಿಮಾಡಿದ ಬಳಿಕ ರಕ್ಷಣೆಯ ವಿಷಯದಲ್ಲಿ ಎರಡು ಕಡೆಯವರೂ ಹತ್ತಿರವಾದರು. ೨೦೨೫ರ ಮೇ ೧೯ರಂದು ಲಂಡನ್ನಿನಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಒಕ್ಕೂಟದ ನಾಯಕರೊಡನೆ ಸೇರಿ, ಐರೋಪ್ಯ ದೋಣಿಗಳು ೨೦೩೮ರವರೆಗೆ ಬ್ರಿಟಿಷ್ ಕಡಲಲ್ಲಿ ಮೀನು ಹಿಡಿಯಲು ಒಪ್ಪಿದರು. ಪ್ರತಿಯಾಗಿ ಆಹಾರ ಪದಾರ್ಥಗಳ ತಪಾಸಣೆಯನ್ನು ಕಡಮೆ ಮಾಡುವ ಒಪ್ಪಂದದ ಕಡೆಗೆ ಹೆಜ್ಜೆಯಿಟ್ಟರು. ಆ ಸೌಕರ್ಯ ಬೇಕಾದರೆ ಆಹಾರದ ವಿಷಯದಲ್ಲಿ ಐರೋಪ್ಯ ನಿಯಮಗಳು ಬದಲಾದಂತೆಲ್ಲ ಬ್ರಿಟನ್ನೂ ಬದಲಾಯಿಸಿಕೊಳ್ಳಬೇಕು. ನಿಯಮಗಳನ್ನು ಮಾಡುವಾಗ ಅಭಿಪ್ರಾಯ ಹೇಳಬಹುದು, ಮತ ಹಾಕುವಂತಿಲ್ಲ.

ಈ ಒಂದು ಷರತ್ತಿನಲ್ಲಿ ಇಡೀ ಕಥೆಯ ಸಾರ ಅಡಗಿದೆ. ಒಳಗಿದ್ದಾಗ ಬ್ರಿಟನ್ನಿಗೆ ಕಟ್ಟುಪಾಡೂ ಇತ್ತು, ಮತವೂ ಇತ್ತು. ಹೊರಗೆ ಬಂದಾಗ ಕಟ್ಟುಪಾಡಿನ ದೊಡ್ಡ ಭಾಗವನ್ನು ಕಳಚಿತು. ಜೊತೆ ಜೊತೆಗೆ ಮತವನ್ನು ಪೂರ್ತಿಯಾಗಿ ಕಳೆದುಕೊಂಡಿತು. ಯಾವುದು ಲಾಭ, ಯಾವುದು ನಷ್ಟ ಎಂಬುದನ್ನು ಅಲ್ಲಿಯ ಪ್ರಜೆಗಳೇ ತೂಗಿ ನೋಡಬೇಕು. ತೂಗುವ ಹಕ್ಕು ಅವರದು. ದೂರದಿಂದ ನೋಡುವ ನಮಗೆ ಒಂದು ಮಾತು ಮಾತ್ರ ಸ್ಪಷ್ಟವಾಗುತ್ತದೆ. ಒಪ್ಪಂದವನ್ನು ರದ್ದುಪಡಿಸಬಹುದು, ನೆರೆಯನ್ನು ರದ್ದುಪಡಿಸಲಾಗದು. ಡೋವರಿನ ಬಂಡೆಯ ಮೇಲೆ ನಿಂತವನಿಗೆ ಎದುರುತೀರ ೧೯೫೦ರಲ್ಲಿ ಎಷ್ಟು ಹತ್ತಿರ ಕಾಣುತ್ತಿತ್ತೋ ಇಂದೂ ಅಷ್ಟೇ ಹತ್ತಿರ ಕಾಣುತ್ತದೆ.